ನಾಲ್ಕು ಬೆರಳು ಹೊರಗುಳಿದ ಸಲಾಕಿ

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಕಂಪ್ಲಿಯ ತೋಟಪ್ಪ ತನ್ನ ಮನೆಯ ಬಂದೂಕಿನ ನಳಿಗೆಯೊಳಗೆ ಕಬ್ಬಿಣದ ಸಲಾಕಿ ಇಳಿಸಿದ. ಸಲಾಕಿ ಪೂರ್ತಿ ಇಳಿಯಲಿಲ್ಲ. ನಾಲ್ಕು ಬೆರಳಷ್ಟು ಹೊರಗೇ ನಿಂತಿತು. ಎತ್ತಿ ಮತ್ತೆ ಇಳಿಸಿದ. ಮತ್ತೆ ಅದೇ ನಾಲ್ಕು ಬೆರಳು. 

ಮೂತಿಯಿಂದ ಮದ್ದು ಜಡಿಯುವ ಹಳೆಯ ನಾಡಬಂದೂಕು ಅದು. ಅದರ ಬಗ್ಗೆ ತೋಟಪ್ಪ ಕಲಿತದ್ದು ಒಂದೇ ಪಾಠ. ಸಲಾಕಿ ಮೂತಿಯ ಸಮಕ್ಕೆ ಇಳಿದರೆ ಬಂದೂಕು ಖಾಲಿ, ಹೊರಗುಳಿದರೆ ತುಂಬಿದೆ ಎಂದು ತೀರಿಹೋದ ಅಪ್ಪ ಹೇಳಿದ್ದ. ಎರಡನೆಯ ಪಾಠಕ್ಕೆ ಮಗ ನಿಲ್ಲಲೇ ಇಲ್ಲ. ಅದಕ್ಕೆ ಕಾರಣವೂ ಇತ್ತು. ತೋಟಪ್ಪ ಹತ್ತು ವರ್ಷದವನಿದ್ದಾಗ ಪಕ್ಕದ ಓಣಿಯ ಹುಡುಗನೊಬ್ಬ ಬಂದೂಕಿನ ಜೊತೆ ಆಡಲು ಹೋಗಿ ಮೂರು ಬೆರಳು ಕಳೆದುಕೊಂಡಿದ್ದ. ಅದನ್ನು ಕಣ್ಣಾರೆ ಕಂಡ ದಿನದಿಂದ ತೋಟಪ್ಪನದು ಒಂದೇ ಶಾಸನ: ಮಕ್ಕಳು ಬಂದೂಕು ಮುಟ್ಟಬಾರದು, ಅದರ ಮಾತನ್ನೂ ಆಡಬಾರದು. ಅಪ್ಪ ಸತ್ತು ಲೈಸೆನ್ಸು ತನ್ನ ಹೆಸರಿಗೆ ಬಂದ ಮೇಲೆ ಬಂದೂಕನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕಿದವನು ಎರಡು ವರ್ಷ ಅದರ ಧೂಳು ಸಹ ಒರೆಸಿರಲಿಲ್ಲ.

ಹೊಳೆದಂಡೆಯ ಅವನ ಮೂರೆಕರೆ ಕಬ್ಬಿಗೆ ಕಾಡುಹಂದಿಗಳು ಬೀಳುತ್ತಿದ್ದವು. ಮನೆಯಲ್ಲಿ ಬಂದೂಕಿದೆ ಎಂಬ ಸುದ್ದಿಗೇ ಹಂದಿಗಳು ಹೆದರುತ್ತವೆಂದು ಅವನು ನಂಬಿದ್ದ. ಹಂದಿಗಳಿಗೆ ಆ ಸುದ್ದಿ ಮುಟ್ಟಿರಲಿಲ್ಲ. ಹಿಂದಿನ ವಾರ ಅರ್ಧ ಎಕರೆ ಮಣ್ಣುಪಾಲಾದ ಮೇಲೆ, ಗುರಿಯಿಟ್ಟು ಹೊಡೆಯುವವನೊಬ್ಬನನ್ನು ಕಾವಲಿಗೆ ಕರೆಸುವುದೆಂದು ತೀರ್ಮಾನಿಸಿದ್ದ. ಅದಕ್ಕೆ ಲೈಸೆನ್ಸು ಹೊಸದಾಗಬೇಕಿತ್ತು. ಇಂದು ಮಧ್ಯಾಹ್ನವೇ ಹೊಸಪೇಟೆಯ ತಹಶೀಲ್ದಾರರು ಊರಿನ ಬಂಗಲೆಯಲ್ಲಿ ಬಂದೂಕುಗಳನ್ನು ನೋಡುವವರಿದ್ದರು. ಡಂಗುರದವನು ಮೂರು ದಿನದಿಂದ ಸಾರುತ್ತಿದ್ದ: "ಬಂದೂಕು ಖಾಲಿ ಮಾಡಿಕೊಂಡು ಬರತಕ್ಕದ್ದು! ತುಂಬಿದ್ದು ತಂದವರ ಬಂದೂಕೂ ಹೋಯ್ತು, ಲೈಸೆನ್ಸೂ ಹೋಯ್ತು!"

"ಇದನ್ನ ತುಂಬಿದವರು ಯಾರು?" ಎಂದು ತೋಟಪ್ಪ ಗೋಡೆಯನ್ನು ಕೇಳಿದ.

ಉತ್ತರ ಬಾಗಿಲಿನಿಂದ ಬಂತು. ಎಂಟು ವರ್ಷದ ಮಗಳು ಹೊಳೆಮ್ಮ ಅರ್ಧ ಹೆಣೆದ ಜಡೆ ಹಿಡಿದು ನಿಂತಿದ್ದಳು. "ಅಜ್ಜಿ ಹಾಕ್ಯಾಳಪ್ಪಾ ಅದರಾಗ. ನಾನೂ ಇದ್ದೆ. ಅದು..."

"ಬಾಯಿ ಮುಚ್ಚು! ಬಂದೂಕಿನ ಮಾತು ನಿನ್ನ ಬಾಯಾಗ ಬರಬಾರ್ದು ಅಂತ ಎಷ್ಟು ಸಲ ಹೇಳ್ಲಿ?"

ಅಷ್ಟು ಕೇಳಿದ್ದೇ ಸಾಕಾಗಿತ್ತು ಅವನಿಗೆ. ಅವನ ಅವ್ವ ಮರುಳಸಿದ್ದಮ್ಮ ಗಂಡನೊಂದಿಗೆ ಹೊಲದ ಅಟ್ಟಣಿಗೆಯಲ್ಲಿ ಕೂತು ಕಾವಲು ಕಾದವಳು. ಮದ್ದು ಜಡಿಯುವುದರಲ್ಲಿ ಗಂಡನಿಗಿಂತ ಚುರುಕು ಎಂದು ಓಣಿಯೆಲ್ಲ ಹೇಳುತ್ತಿತ್ತು. ಹಂದಿಯ ಸಿಟ್ಟಿಗೆ ಮುದುಕಿ ತುಂಬಿಟ್ಟಿದ್ದಾಳೆ. ಕೇಳೋಣವೆಂದರೆ ಅವಳು ಕೋಳಿ ಕೂಗುವ ಹೊತ್ತಿಗೇ ಬಂಡಿ ಕಟ್ಟಿಸಿಕೊಂಡು ಹಂಪಿಗೆ, ವಿರೂಪಾಕ್ಷನ ದರ್ಶನಕ್ಕೆ ಹೋಗಿದ್ದಳು. ತೋಟಪ್ಪನಿಗೆ ಇನ್ನೊಂದು ಹೊಳೆಯಿತು. ಆ ಗೂಟದ ಕೆಳಗೇ ಹೊಳೆಮ್ಮ ದಿನಾ ಚಾಪೆ ಹಾಸಿ ಮಲಗುತ್ತಿದ್ದಳು. ಅವನು ಸಲಾಕಿ ಎಳೆದು ಬಂದೂಕನ್ನು ಅಡ್ಡಲಾಗಿ ಎತ್ತಿಕೊಂಡ.

"ಅಪ್ಪಾ, ಮೂತಿ ಅವ್ವನ ಕಡಿ ಐತಿ. ಮನ್ಶ್ಯಾರ ಕಡಿ ಮಾಡಬಾರ್ದಂತ."

ನಿಜ. ಮೂತಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಕೊಟ್ರಬಸಮ್ಮನ ಬೆನ್ನಿಗೆ ನೇರವಾಗಿತ್ತು. ತೋಟಪ್ಪ ಗಾಬರಿಯಿಂದ ತಿರುಗಿಸಿದ. ಮೂತಿ ಈಗ ತಲೆಬಾಗಿಲಿಗೆ ಬಂತು. ಅಲ್ಲಿ ಸುಣ್ಣ ಕೇಳಲು ಒಳಗೆ ಕಾಲಿಡುತ್ತಿದ್ದ ಎದುರುಮನೆಯ ಉಚ್ಚೆಂಗಪ್ಪ ಹೊಸ್ತಿಲ ಮೇಲೆ ಉದ್ದಕ್ಕೆ ಬಿದ್ದುಕೊಂಡ.

ಉಚ್ಚೆಂಗಪ್ಪ ಮೂವತ್ತು ವರ್ಷ ಪೋಲೀಸು ಪೇದೆಯಾಗಿ ದುಡಿದು ಪಿಂಚಣಿ ಪಡೆದವನು. ವಿಷಯ ತಿಳಿದ ಮೇಲೆ ಎದ್ದು, ಧೂಳು ಕೊಡವಿ, ಕಂಬದ ಹಿಂದೆ ನಿಂತು ಅಧಿಕಾರ ವಹಿಸಿಕೊಂಡ. "ಅಲ್ಲಾಡಬ್ಯಾಡ ತೋಟಪ್ಪ. ಉಸ್ರು ಸಣ್ಣಗ ಬಿಡು. ತುಂಬಿದ ಬಂದೂಕು ಮಲಗಿದ ನಾಗರ ಇದ್ದಂಗ."

ಕೂಗಿಗೆ ಪಕ್ಕದ ಮನೆಯ ಶೀನಪ್ಪ ಮಾಸ್ತರೂ ಬಂದರು. ಮಾಸ್ತರರಿಗೂ ತೋಟಪ್ಪನಿಗೂ ಇದೇ ವಿಷಯಕ್ಕೆ ವರ್ಷದಿಂದ ವಾದ. ಇಂಥ ಹೊತ್ತಿನಲ್ಲಾದರೂ ಬಿಡಬೇಕಿತ್ತು, ಬಿಡಲಿಲ್ಲ. "ನಾ ಬಡಕೊಂಡೆ, ಮನ್ಯಾಗಿನ ಮಕ್ಕಳಿಗೆ ಬಂದೂಕಿನ ರೀತಿ ಕಲಸಪ್ಪಾ ಅಂತ. ಹೊಳಿದಂಡಿ ಮಕ್ಕಳಿಗೆ ಸೋರೆಬುರುಡಿ ಕಟ್ಟಿ ಈಜು ಕಲಸ್ತೀವಿಲ್ಲೋ? ಹೊಳಿ ಐತಿ ಅಂತ ಅವುಗಳ ಕಣ್ಣು ಕಟ್ಟತೀವೇನು?"

"ಹೊಳ್ಯಾಗ ಬಿದ್ದಾವ ಈಜಿ ದಂಡಿಗೆ ಬರ್ತಾನ್ರಿ ಮಾಸ್ತರ್ರ! ಹಾರಿದ ಗುಂಡು ಈಜಿ ಹಿಂದಕ ಬರಂಗಿಲ್ಲ! ಈಗ ಇದನ್ನ ಖಾಲಿ ಮಾಡೂದು ಹೆಂಗ, ಅದನ್ನ ಹೇಳ್ರಿ."

ಅಷ್ಟರಲ್ಲಿ ಅರ್ಧ ಓಣಿ ಕಿಟಕಿಗೆ ಬಂದಿತ್ತು. ಆಳಿಗೊಂದು ಮಾತು. ಆಕಾಶಕ್ಕೆ ಹಾರಿಸು ಎಂದರು. ಬಂಗಲೆಯಲ್ಲಿ ಕೂತ ತಹಶೀಲ್ದಾರರಿಗೆ ಸದ್ದು ಕೇಳಿದರೆ ಊರೊಳಗೆ ಗುಂಡು ಹೊಡೆದ ಕೇಸು ಎಂದು ಉಚ್ಚೆಂಗಪ್ಪ ತಡೆದ. ಹಾಗಾದರೆ ಹೊಳೆಯ ಕಡೆ ಹಾರಿಸು ಎಂದರು.

"ಆಚೆ ದಂಡಿ ನಿಜಾಮರದು!" ಎಂದರು ಮಾಸ್ತರರು. "ಗುಂಡು ಅತ್ತಾಗ ಬಿದ್ರ ಎರಡು ಸರಕಾರದ ನಡುವ ಲಡಾಯಿ. ತೋಟಪ್ಪಗ ಅಲ್ಲೂ ಜೈಲು, ಇಲ್ಲೂ ಜೈಲು."

ಕೊನೆಗೆ ಉಚ್ಚೆಂಗಪ್ಪ ತೀರ್ಪು ಕೊಟ್ಟ. "ಹೊಳ್ಯಾಗ ಮುಳುಗಸು. ಒಂದು ತಾಸು ನೆನೆದ್ರ ಮದ್ದು ಮಣ್ಣಿಗೆ ಸಮ. ಹಾವೂ ಸಾಯ್ತೈತಿ, ಕೋಲೂ ಮುರಿಯಂಗಿಲ್ಲ."

ಹೊಳೆಮ್ಮ ಓಡಿ ಬಂದಳು. "ಅಪ್ಪಾ, ನೀರಾಗ ಹಾಕ್ಬ್ಯಾಡ! ಅದು ನೆನೀತೈತಿ!"

"ನೆನೀಲಿ ಅಂತನ ಹೊಂಟೀನಿ! ಏ ಇವಳೇ, ಈ ಹುಡುಗೀನ ಒಳಗ ಹಾಕಿ ಚಿಲಕ ಹಾಕು. ಹಂಗ ಲೈಸೆನ್ಸು ಕಾಗದ ಹುಡುಕಿ ಬಂಗ್ಲೆಕ ತಗೊಂಡು ಬಾ. ಅವ್ವನ ಕೈಯಾಗ ಕೊಟ್ಟಿದ್ದೆ, ಪೆಟಗಿಯಾಗ ಇರ್ತೈತಿ."

"ಮೊದಲು ಕಾಗದ ಹುಡುಕೂಣು ಅಂದ್ರ..." ಎಂದಳು ಕೊಟ್ರಬಸಮ್ಮ.

"ಮೊದಲು ಜೀವ! ಆಮ್ಯಾಲೆ ಕಾಗದ!"

ತೋಟಪ್ಪ ಬಂದೂಕನ್ನು ಮೂತಿ ಮೇಲೆ ಮಾಡಿ, ಎರಡೂ ಕೈ ಮುಂದಕ್ಕೆ ಚಾಚಿ, ತುಂಬಿದ ಎಣ್ಣೆಗಡಿಗೆ ಹಿಡಿದವನಂತೆ ಹೊರಟ. ಉಚ್ಚೆಂಗಪ್ಪ ಇಪ್ಪತ್ತು ಹೆಜ್ಜೆ ಹಿಂದೆ ಉಳಿದು ಅಪ್ಪಣೆ ಕೊಡುತ್ತ ಬಂದ. ಅವನ ಹಿಂದೆ ಮಾಸ್ತರರು, ಅವರ ಹಿಂದೆ ಊರು. ಮುಂದೆ ಮಾತ್ರ ಯಾರೂ ಇಲ್ಲ. ಬಾಗಿಲುಗಳು ಪಟಪಟನೆ ಮುಚ್ಚಿಕೊಂಡವು. ಕೋಟೆಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ನಿಂತು ಬಂದೂಕಿನ ಬುಡ ಮೂಸಿ ನೋಡಿತು. ತೋಟಪ್ಪ ಕಣ್ಣು ಮುಚ್ಚಿ ನಿಂತ. ಎಮ್ಮೆಗೆ ವಾಸನೆ ಹಿಡಿಸಲಿಲ್ಲ, ಹೋಯಿತು.

ಹೊಳೆಗೆ ಇಳಿಯುವ ಜಾರಿನಲ್ಲಿ ಕೇಡು ಕಾದಿತ್ತು. ಮಳೆಗೆ ಪಾಚಿಗಟ್ಟಿದ ಕಲ್ಲಿನ ಮೇಲೆ ಅವನ ಕಾಲು ಜಾರಿತು. ಕೂತಲ್ಲೇ ನಾಲ್ಕು ಮೆಟ್ಟಿಲು ಇಳಿದ. ಬಂದೂಕಿನ ಕುದುರೆ, ಗುಂಡು ಸಿಡಿಸಲು ಬಡಿಯುವ ಕೊಕ್ಕೆ, ಕಲ್ಲಿಗೆ ತಾಗಿ "ಟಕ್" ಎಂದು ಬಡಿಯಿತು.

ಊರಿಗೆ ಊರೇ ಮಕಾಡೆ ಮಲಗಿತು. ಏನೂ ಆಗಲಿಲ್ಲ. ಹೊಳೆಯ ಭೋರ್ಗರೆತವೊಂದೇ.

"ಅಲ್ಲಾಡಬ್ಯಾಡ!" ಎಂದು ಉಚ್ಚೆಂಗಪ್ಪ ಗೋಡೆಯಾಚೆಯಿಂದ ಕೂಗಿದ. "ಕಿಡಿ ಒಳಗ ಹೊಕ್ಕೈತಿ. ಸಾವಕಾಶ ಉರಕೊಂಡು ಹೋಗಿ ಮದ್ದಿಗೆ ಮುಟ್ಟತೈತಿ!"

ತೋಟಪ್ಪ ಅಲ್ಲಾಡಲಿಲ್ಲ. ಬಂದೂಕು ಎದೆಯ ಮೇಲಿತ್ತು, ಮೂತಿ ಕಿವಿಯ ಪಕ್ಕದಲ್ಲಿತ್ತು. ಅವನಿಗೆ ಹಂದಿ ನೆನಪಾಗಲಿಲ್ಲ, ಕಬ್ಬು ನೆನಪಾಗಲಿಲ್ಲ. ಹೊಳೆಮ್ಮನ ಅರ್ಧ ಹೆಣೆದ ಜಡೆ ನೆನಪಾಯಿತು. ಹೊರಡುವಾಗ ಗದರಿಸಿಬಿಟ್ಟೆನಲ್ಲ ಅನ್ನಿಸಿತು. ನೂರು ಎಣಿಸಿದ, ಇನ್ನೂರು ಎಣಿಸಿದ. ನಂತರ ಮೆಲ್ಲಗೆ ಜಾರಿ, ಕೆನ್ನೀರಿನೊಳಗೆ ಬಂದೂಕಿನ ಮೂತಿ ಅದ್ದಿ, ಹರಿಗೋಲು ಕಟ್ಟುವ ಗೂಟಕ್ಕೆ ಹಗ್ಗದಿಂದ ಬಿಗಿದು, ಪಕ್ಕದಲ್ಲಿ ಕಾದು ಕೂತ. ಗುಳುಗುಳು ಗುಳ್ಳೆ ಎದ್ದಾಗ ದಂಡೆಯ ಜನ "ಮದ್ದು ಸಾಯಾಕತ್ತೈತಿ" ಎಂದು ಸಂತೋಷಪಟ್ಟರು.

ಬಂಗಲೆಯ ಮುಂದೆ ಇತರರ ಬಂದೂಕು ನೋಡಿ ಮುಗಿದಿತ್ತು. ತಹಶೀಲ್ದಾರ್ ತಿರುಮಲರಾಯರು ಎದ್ದೇಳುವುದರಲ್ಲಿದ್ದರು. ತೋಟಪ್ಪ ನೀರು ಸುರಿಸುತ್ತ ಬಂದು ನಿಂತ. ಜವಾನ ನಳಿಗೆಯೊಳಗೆ ಸಲಾಕಿ ಇಳಿಸಿದ. ನಾಲ್ಕು ಬೆರಳು ಹೊರಗೆ.

"ತುಂಬಿದ ಬಂದೂಕು ತಂದಿದ್ದೀಯಾ?" ರಾಯರ ಹುಬ್ಬು ಏರಿತು.

"ಮದ್ದು ಸತ್ತೈತ್ರಿ ಸ್ವಾಮಿ. ಹೊಳ್ಯಾಗ ಒಂದು ತಾಸು ಮುಳುಗಿಸೀನಿ. ಬೇಕಾದ್ರ ಇವರನ್ನ ಕೇಳ್ರಿ, ಪೋಲೀಸಿನ್ಯಾಗ ಮೂವತ್ತು ವರ್ಷ ಇದ್ದವರು."

ರಾಯರು ಉಚ್ಚೆಂಗಪ್ಪನ ಕಡೆ ತಿರುಗಿದರು. "ಯಾವ ಬಂದೂಕು ಕೊಟ್ಟಿದ್ದರು ನಿನಗೆ?"

"ಲಾಠಿ ಸ್ವಾಮಿ," ಎಂದ ಉಚ್ಚೆಂಗಪ್ಪ, ನೆಲ ನೋಡುತ್ತ.

ಮಾಸ್ತರರು ಕೆಮ್ಮಿದರು. ರಾಯರು ತೋಟಪ್ಪನತ್ತ ಕೈ ಚಾಚಿದರು. "ಲೈಸೆನ್ಸು?"

ಆಗಲೇ ಕೊಟ್ರಬಸಮ್ಮ ಏದುಸಿರು ಬಿಡುತ್ತ ಬಂದಳು, ಕೈಯಲ್ಲಿ ಮಗಳು. "ಪೆಟಗಿಯಾಗ ಇಲ್ರಿ! ಮನಿ ಎಲ್ಲಾ ಕೆದರಿ ನೋಡಿದೆ. ಈ ಹುಡುಗಿ ತನಗ ಗೊತ್ತೈತಿ ಅಂತೈತಿ. ಅಪ್ಪ ಮಾತಾಡಬ್ಯಾಡ ಅಂದಾನ, ಅವನ ಕೇಳಿದ್ರ ಹೇಳ್ತೀನಿ ಅಂತ ಹಟ ಮಾಡೈತಿ."

 ತೋಟಪ್ಪ ಮಗಳ ಮುಂದೆ ಕುಕ್ಕರಿಸಿದ. "ಎಲ್ಲೈತಿ ಹೊಳೆವ್ವ?"

"ಅದರಾಗ," ಎಂದು ಹೊಳೆಮ್ಮ ಬಂದೂಕಿನತ್ತ ಬೆರಳು ಮಾಡಿದಳು. "ಅಜ್ಜಿ ಸುತ್ತಿ ಸುತ್ತಿ ಹಾಕಿ ಸಲಾಕಿಲೆ ಜಡದಾಳ. ಮುಂಜಾನೆಯಿಂದ ಅದನ್ನ ಹೇಳಾಕ ಹೊಂಟಿದ್ದೆ."

ಜವಾನ ತಿರುಪು ಕೊಕ್ಕೆ ಹಾಕಿ ಎಳೆದ. ಬೂದು ಬಣ್ಣದ ಮುದ್ದೆಯೊಂದು ರೊಟ್ಟಿಹಿಟ್ಟಿನಂತೆ ಮೇಜಿನ ಮೇಲೆ ಬಿತ್ತು. ಅಕ್ಷರಗಳೆಲ್ಲ ನೇರಳೆ ನೀರಾಗಿ ಹರಿದವು. ಬಳ್ಳಾರಿಯ ಕೆಂಪು ಅರಗಿನ ಮುದ್ರೆ ಮಾತ್ರ ಗಟ್ಟಿಯಾಗಿ ಉಳಿದಿತ್ತು.

ರಾಯರು ಆ ಮುದ್ರೆಯನ್ನು ಬೆರಳ ತುದಿಯಿಂದ ಹೊರಳಿಸಿ ನೋಡಿದರು. ನಂತರ ಹೊಳೆಮ್ಮನನ್ನು ಹತ್ತಿರ ಕರೆದರು. "ಬಂದೂಕಿನ ವಿಚಾರ ಇನ್ನೇನು ಗೊತ್ತಮ್ಮಾ ನಿನಗೆ?"

ಹುಡುಗಿ ಮಗ್ಗಿ ಒಪ್ಪಿಸುವಂತೆ ಕೈಕಟ್ಟಿ ನಿಂತಳು. "ಖಾಲಿ ಇದ್ರೂ ತುಂಬೈತಿ ಅಂತನ ತಿಳೀಬೇಕ್ರಿ. ಮೂತಿ ಮನ್ಶ್ಯಾರ ಕಡಿ, ದನದ ಕಡಿ ಮಾಡಬಾರ್ದು. ಕುದುರಿ ಕೆಳಗ ಕೇಪು ಐತೇನು ನೋಡಬೇಕು. ಕೇಪಿಲ್ಲದ್ದು ಎಷ್ಟು ಬಡದ್ರೂ ಸಿಡಿಯಂಗಿಲ್ಲ."

ಎಲ್ಲರೂ ಬಗ್ಗಿ ನೋಡಿದರು. ಕುದುರೆಯ ಕೆಳಗೆ, ಕಿಡಿ ಹೊತ್ತಿಸುವ ಪುಟ್ಟ ಕೇಪನ್ನು ಕೂರಿಸುವ ಮೊಳೆ ಬೋಳಾಗಿತ್ತು. ಎರಡು ವರ್ಷದಿಂದ ಬೋಳಾಗಿಯೇ ಇತ್ತು. ತೋಟಪ್ಪ ಜಾರಿನ ಮೇಲೆ ಇನ್ನೂರು ಎಣಿಸಿದ್ದು ಬರೀ ಕಬ್ಬಿಣದ ಕೊಳವೆಯೊಂದಕ್ಕೆ.

"ನೀನು ಇದನ್ನ ಮುಟ್ಟಿದ್ದೀಯೇನು?" ಎಂದು ರಾಯರು ಕೇಳಿದರು.

"ಇಲ್ರಿ. ಅಪ್ಪ ಬ್ಯಾಡ ಅಂದಾನ. ಅಜ್ಜಿ ಮುಟ್ಟಿಸಿಲ್ಲ, ಬರೇ ಹೇಳಿಕೊಟ್ಟಾಳ."

ತೋಟಪ್ಪನಿಗೆ ಸಿಟ್ಟು ಬಂತು, ನಾಚಿಕೆಯಾಯಿತು. ಮಗಳ ಕಟ್ಟಿದ ಕೈಯ ಹತ್ತು ಬೆರಳು ಕಣ್ಣಿಗೆ ಬಿದ್ದು ಒಳಗೊಳಗೇ ಸಮಾಧಾನವೂ ಆಯಿತು. ಯಾವುದನ್ನು ಮೊದಲು ತೋರಿಸಬೇಕೋ ತಿಳಿಯದೆ ಪೇಟದ ತುದಿ ಹಿಂಡಿದ.

ಹಂಪಿಯ ಬಂಡಿ ಬಂದು ನಿಂತದ್ದು ಆಗ. ಹಣೆತುಂಬ ವಿಭೂತಿಯ ಮರುಳಸಿದ್ದಮ್ಮ ಇಳಿದು, ಮೇಜಿನ ಮೇಲಿನ ಮುದ್ದೆಯನ್ನೂ ಮಗನ ಒದ್ದೆ ಧೋತರವನ್ನೂ ನೋಡಿದಳು. ಯಾರೂ ಹೇಳುವುದೇ ಬೇಕಾಗಲಿಲ್ಲ.

"ಹೋದ ವರ್ಷ ಹೊಲದ ಕಾಗದ ಗೆದ್ದಲಿ ತಿಂತ್ರಿ ಸಾಹೇಬ್ರ," ಎಂದಳು. "ಗೆದ್ದಲಿ ಹತ್ತದ ಜಾಗ, ಇಲಿ ಹೋಗದ ಜಾಗ, ನನ್ನ ಮಗ ಸತ್ರೂ ಮುಟ್ಟದ ಜಾಗ ಮನ್ಯಾಗ ಇದೊಂದ ಇತ್ತು. ಹಂಪಿಯಿಂದ ಬಂದು ತೆಗೆದು ಕೊಡೂಣು ಅಂದ್ರ, ಇವತ್ತ ಮುಟ್ಟಿಬಿಟ್ಟಾನ!" ಎನ್ನುತ್ತ ಬಂದೂಕು ಎತ್ತಿ, ಮೂತಿ ನೆಲಕ್ಕೆ ಮಾಡಿ ನೀರು ಬಸಿದು, ಸೆರಗಿನಿಂದ ಒರೆಸಿ, ಮೂತಿ ಮೇಲೆತ್ತಿ ಸಲಾಕಿ ಇಳಿಸಿದಳು. ಸಲಾಕಿ ಸಮಕ್ಕೆ ಇಳಿಯಿತು.

ಶೀನಪ್ಪ ಮಾಸ್ತರರ ಮುಖ ದೀಪ ಹಚ್ಚಿದಂತಾಗಿತ್ತು. "ನಾ ಹೇಳಿದ್ದಿಲ್ಲೇನು ತೋಟಪ್ಪ? ಮಕ್ಕಳಿಗೆ ಕಲಸಬೇಕು ಅಂತ?"

"ಮಕ್ಕಳಿಗೆ ಕಲಿಸಬೇಕೋ ಬೇಡವೋ ನನಗೆ ಗೊತ್ತಿಲ್ಲ," ಎಂದರು ರಾಯರು. "ಅಪ್ಪಂದಿರಿಗೆ ಕಲಿಸದೆ ಇರೋದು ಮಾತ್ರ ಅಪಾಯ." ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿ, ಅಲ್ಲೇ ಹಂಗಾಮಿ ಚೀಟಿ ಬರೆಸಿದರು. ಗುಮಾಸ್ತ ಅದನ್ನು ಊರೆಲ್ಲ ಕೇಳುವಂತೆ ಓದಿದ: "ಮೂಲ ಲೈಸೆನ್ಸು ನಾಶವಾಗಿರುವುದರಿಂದ ಸದರಿ ಬಂದೂಕು ಇನ್ನು ಮುಂದೆ ಮರುಳಸಿದ್ದಮ್ಮನ ಹೆಸರಿನಲ್ಲಿರತಕ್ಕದ್ದು. ಸದರಿ ಬಂದೂಕನ್ನು ಮಕ್ಕಳ ಕೈಗೂ ತೋಟಪ್ಪನ ಕೈಗೂ ಸಿಗದಂತೆ ಇಡತಕ್ಕದ್ದು."

ಹಂದಿ ಕಾಯಲು ಆ ವಾರದಿಂದ ಅಟ್ಟಣಿಗೆ ಏರಬೇಕಾದವಳು ಮುದುಕಿ. ಕೆಳಗೆ ನಿಂತು ಡಬ್ಬ ಬಡಿಯಬೇಕಾದವನು ತೋಟಪ್ಪ.

ಸಂಜೆ ಮನೆಯಲ್ಲಿ ಹೊಳೆಮ್ಮ ಗೋಡೆಯ ಗೂಟವನ್ನೂ ಅಪ್ಪನನ್ನೂ ಬಾರಿ ಬಾರಿ ನೋಡಿದಳು. "ಅಪ್ಪಾ, ಈ ಗೂಟ ನನಗಷ್ಟ ಎಟುಕಂಗಿಲ್ಲ. ನಿನಗ ಎಟುಕತೈತಿ. ಸರಕಾರದ ಹುಕುಮು ಐತಿ, ಇನ್ನೂ ಮ್ಯಾಲ ಬಡೀಬೇಕು."

ಬಡಿಯಲು ಮನೆಯಲ್ಲಿ ಬೇರೆ ಗಂಡಾಳಿರಲಿಲ್ಲ. ತೋಟಪ್ಪ ಏಣಿ ತಂದು, ಸುತ್ತಿಗೆ ಹಿಡಿದು ಹತ್ತಿದ. ಕೆಳಗೆ ಏಣಿ ಹಿಡಿದು ನಿಂತವಳು ಹೊಳೆಮ್ಮ.

"ಇಷ್ಟು ಸಾಕೇನವ್ವಾ?" ಎಂದು ತೋಟಪ್ಪ ಕೇಳಿದ.

"ಕೆಳಗ ಇಳಿದು ಕೈ ಚಾಚಿ ತೋರ್ಸು," ಎಂದಳು ಮಗಳು. ನೋಡಿದಳು. "ಇನ್ನೂ ನಾಲ್ಕು ಬೆರಳು ಮ್ಯಾಲ."