‘ವಾಸನೆ ಕಂಡುಬಂದಿಲ್ಲ’ ಎಂದು ಬರೆದ ಮೂಗಿಗೆ

ಮಾನ್ಯ ಪರಿಸರ ತಪಾಸಣಾಧಿಕಾರಿಗಳ ಸನ್ನಿಧಾನಕ್ಕೆ, ಮೂರು ಸಾವಿರ ಹಸುಗಳ ಡೈರಿಯ ಹಿಂಬದಿಯಲ್ಲಿ ಲಾಂಡ್ರಿ ಅಂಗಡಿ ಇಟ್ಟುಕೊಂಡಿರುವವಳು ಮಾಡುವ ಒಂದೇ ಕೈಯ ನಮಸ್ಕಾರಗಳು. ಇನ್ನೊಂದು ಕೈ ಮೂಗಿನ ಮೇಲಿದೆ, ಕ್ಷಮೆ ಇರಲಿ.

ಮಾನ್ಯರೇ, ಎರಡು ವರ್ಷದ ಹಿಂದೆ ಡೈರಿಯವರು ಸಗಣಿ ಗಂಜಲಕ್ಕೆಂದು ನಮ್ಮ ಹಿತ್ತಲ ಗೋಡೆಯಾಚೆ ಕೆರೆಯಷ್ಟು ದೊಡ್ಡ ಗುಂಡಿ ತೋಡಿದಂದಿನಿಂದ ನಮ್ಮ ಬಾವಿಯ ನೀರು ತಾನಾಗಿಯೇ ಚಹಾದ ಬಣ್ಣಕ್ಕೆ ತಿರುಗಿದೆ. ನಾನು ಒಗೆದು ಒಣಗಿಸಿದ ಹೊದಿಕೆಗಳನ್ನು ಆಸ್ಪತ್ರೆಯವರು ಹಿಂದಕ್ಕೆ ಕಳಿಸಿ, ಅವನ್ನು ಹೊದ್ದ ರೋಗಿಗಳು ಗುಣವಾದಂತೆ ನಟಿಸಿ ಮನೆಗೆ ಓಡುತ್ತಿದ್ದಾರೆಂದು ತಿಳಿಸಿದರು. ನನ್ನ ಮಗಳು ಶಾಲೆಯಲ್ಲಿ ಯಾರೂ ಹೇಳದಿದ್ದರೂ ಕೊನೆಯ ಬೆಂಚಿಗೆ ಹೋಗಿ ಒಬ್ಬಳೇ ಕೂರುತ್ತಾಳೆ. ಈ ಒಂದು ವಾಕ್ಯದಲ್ಲಿ ವ್ಯಂಗ್ಯವಿಲ್ಲ.

ನಮ್ಮ ಏಳನೆಯ ಅರ್ಜಿಗೆ ಓಗೊಟ್ಟು ಕಳೆದ ಮಂಗಳವಾರ ತಾವು ದಯಮಾಡಿಸಿದಿರಿ. ಡೈರಿಯ ಮ್ಯಾನೇಜರು ಗುಂಡಿಯ ಮೇಲೆ ಹುಲ್ಲು ಹರಡಿಸಿ, ಶೀತ ಹಿಡಿದು ಮೂಗು ಕಟ್ಟಿದ್ದ ತಮಗೆ ಮೆಣಸು ಹಾಕಿದ ಬಿಸಿ ಹಾಲು ಕೊಟ್ಟರು. ತಾವು ಗುಂಡಿಯ ದಂಡೆಯಲ್ಲಿ ನಿಂತು ಮೂರು ಬಾರಿ ಸೀನಿ, ಬರೆಯಲು ಪೆನ್ನು ತೆಗೆದಾಗ ನಮ್ಮ ಅತ್ತೆ ತಡೆಯಲಾರದೆ, “ಒಂಚೂರು ಹಬೆ ತಗೊಂಡು, ಮೂಗು ಬಿಟ್ಕೊಂಡ್ಮೇಲೆ ಬರೀರಿ ಸಾರ್, ಅಂಥ ಅವಸರ ಏನಿದೆ” ಎಂದರು. ತಾವು ನಕ್ಕು, ‘ವಾಸನೆ ಕಂಡುಬಂದಿಲ್ಲ’ ಎಂದು ಬರೆದು, ಬಾವಿ ನೀರು ತುಂಬಿಸಿಕೊಂಡ ಸೀಸೆಯನ್ನು ನಮ್ಮ ಕಟ್ಟೆಯ ಮೇಲೇ ಮರೆತು ಜೀಪು ಹತ್ತಿದಿರಿ. ಆ ವರದಿಯ ಬಲದಿಂದ ಇನ್ನೂ ಎರಡು ಸಾವಿರ ಹಸುಗಳಿಗೆ ಅನುಮತಿ ಸಿಕ್ಕಿದೆಯಂತೆ.

ಹಸುಗಳ ಮೇಲೆ ನಮ್ಮ ದೂರಿಲ್ಲ. ಬಿಸಿಲು ಕಾಣದ ಶೆಡ್ಡಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿ ಎಂದು ಅವು ಅರ್ಜಿ ಹಾಕಿರಲಿಲ್ಲ. ನಾವೂ ಹಾಲು ಕುಡಿಯುವವರೇ. ಆದ್ದರಿಂದ ನಮ್ಮ ಬೇಡಿಕೆಗಳು ಅತ್ಯಲ್ಪ: ತಮ್ಮ ಶೀತವನ್ನು ಬೀದಿಯ ಅರವತ್ತು ಮನೆಗಳಿಗೂ ಸಮನಾಗಿ ಹಂಚಬೇಕು; ಅದಾಗದಿದ್ದರೆ, ಡೈರಿಯ ಕಡೆಯಿಂದ ಬೀಸುವ ಗಾಳಿಗೆ ಕಾರಣ ಕೇಳಿ ನೋಟಿಸು ಕಳಿಸಬೇಕು; ಅದೂ ಆಗದಿದ್ದರೆ, ಇದು ಕೊಂಚ ಕಷ್ಟವೆಂದು ಬಲ್ಲೆ, ಮೂಗು ಸರಿಯಿರುವ ದಿನ ಇನ್ನೊಮ್ಮೆ ಬರಬೇಕು.

ಉಸಿರು ಬಿಗಿಹಿಡಿದು ಕಾದಿರುವ,
ತಮ್ಮ ವಿಶ್ವಾಸಿ,
ಲಾಂಡ್ರಿಯವಳು

ಮರೆತ ಮಾತು: ತಮ್ಮ ಮನೆಯವರು ಮೊನ್ನೆ ಒಗೆಯಲು ಕೊಟ್ಟ ಐದು ಬಿಳಿ ಅಂಗಿಗಳು ಗುಂಡಿಯ ಪಕ್ಕದ ಹಗ್ಗದ ಮೇಲೆ ಮೂರು ದಿನದಿಂದ ಒಣಗುತ್ತಿವೆ. ಶೀತ ಬಿಡುವ ಮೊದಲೇ ಬಂದು ಒಯ್ಯಿರಿ.