ಬೀಗಿತ್ತಿ ಕೊಟ್ಟ ಗೋಡೆ ತಟ್ಟೆ

"ರೈಲು ಹಳಿಗೆ ಮೊಳೆ ಬಡಿದ ಕೈ ಇದು! ಒಂದು ತಟ್ಟೆ ತೂಗುಹಾಕೋಕೆ ಯಾರ ಸಹಾಯ ಬೇಕು?" ಎಂದು ಅಂಬ್ರೋಸ್ ಸುತ್ತಿಗೆ ಎತ್ತಿದ.

ಆಸ್ಟ್ರೇಲಿಯಾದ ಡಬ್ಬೊ ಊರಿನ ಅವನ ಪುಟ್ಟ ಮನೆಗೆ ಆ ಮಧ್ಯಾಹ್ನ ಬೀಗಿತ್ತಿ ಹಿಲ್ಡಾ ಚಹಾಕ್ಕೆ ಬರುವವಳಿದ್ದಳು. ಮಗಳ ನಿಶ್ಚಿತಾರ್ಥಕ್ಕೆ ಆ ಬಿಳಿ ಹೆಂಗಸು ಕೊಟ್ಟ ಉಡುಗೊರೆಯೇ ಈ ತಟ್ಟೆ. ಮೇಲೆ ಮೂಲನಿವಾಸಿ ಮಗುವಿನ ಚಿತ್ರ: ಮೈಗೆ ಬಟ್ಟೆಯಿಲ್ಲ, ಮುಖದ ತುಂಬ ಕಣ್ಣು, ಕಣ್ಣಲ್ಲೊಂದು ಹನಿ, ಮಗ್ಗುಲಲ್ಲಿ ಕಾಂಗರೂ ಮರಿ. ಎರಡು ತಿಂಗಳಿಂದ ಬೀರುವಿನಲ್ಲಿ ಬೋರಲಾಗಿ ಬಿದ್ದಿತ್ತು.

"ಅಲ್ರೀ, ನಮ್ಮ ವಿರಾಡ್ಜುರಿ ಕುಲದ ಮಕ್ಕಳಲ್ಲಿ ಯಾರಿಗಿವೆ ಇಂಥ ಕಣ್ಣು? ಇದು ಮಗುವೋ ಗೂಬೆಯೋ?" ಎಂದಳು ಹೆಂಡತಿ ಡಲ್ಸಿ. "ನಾನು ಐದು ಹೆತ್ತಿದ್ದೀನಿ. ಒಂದಾದ್ರೂ ಹೀಗೆ ಸುಮ್ನೆ ಕೂತಿತ್ತಾ?"

"ಒಂದು ಗಂಟೆ ಇರ್ಲಿ ಕಣೇ! ಗೋಡೆ ಖಾಲಿ ಕಂಡು ಬೀಗಿತ್ತಿ ಮುನಿಸಿಕೊಂಡ್ರೆ ಮಗಳ ಮದುವೆ ಗತಿಯೇನು?"

ಮೊಳೆ ತಟ್ಟಿದ. ತಟ್ಟೆ ಸಿಕ್ಕಿಸಿದ. ಎದೆಯುಬ್ಬಿಸಿ ಎರಡು ಹೆಜ್ಜೆ ಹಿಂದೆ ಸರಿದ. ಗೋಡೆಯ ಗಾರೆ, ಮೊಳೆ, ತಟ್ಟೆ ಮೂರೂ ಒಟ್ಟಿಗೆ ನೆಲಕ್ಕೆ ಬಂದವು!

ಅಂಟು ಹುಡುಕಿದ. ಚೂರು ಕೂಡಿಸಿದ. ಬೆರಳಿಗೆ ಬೆರಳು ಅಂಟಿತು, ಮಗುವಿನ ಒಂದು ಕಣ್ಣು ಕಾಂಗರೂವಿನ ಮೊಣಕಾಲಿಗೆ ಅಂಟಿತು. ಅಷ್ಟರಲ್ಲಿ ಬಾಗಿಲಲ್ಲಿ ಹಿಲ್ಡಾ!

"ಅದು... ಬೆಕ್ಕು ಬೀಳಿಸ್ತು," ಎಂದ ಅಂಬ್ರೋಸ್.

"ನಮ್ಮನೇಲಿ ಬೆಕ್ಕಿಲ್ಲ," ಎಂದಳು ಡಲ್ಸಿ.

ಹಿಲ್ಡಾ ತಟ್ಟೆಯನ್ನೇ ದಿಟ್ಟಿಸಿದಳು. ಅಂಬ್ರೋಸನ ಕಿವಿಯಲ್ಲಿ ಮದುವೆ ಮುರಿದ ಸದ್ದು. ಅವಳೋ ಕುರ್ಚಿಯಲ್ಲಿ ಕುಸಿದು, ಹೊಟ್ಟೆ ಹಿಡಿದು ನಗತೊಡಗಿದಳು!

"ಸದ್ಯ, ಒಡೀತಲ್ಲ! ಅಮ್ಮ ಅದನ್ನ ನನ್ನ ಮಂಚದ ಮೇಲೇ ತೂಗುಹಾಕಿದ್ಳು. ಆ ಕಣ್ಣಿಗೆ ಹೆದರ್ಕೊಂಡೇ ಬೆಳೆದೆ. ಎಸೆಯೋಕೆ ಮನಸ್ಸಾಗ್ಲಿಲ್ಲ. ನಿಮ್ಮವರ ಮಗು ಅಲ್ವಾ, ನಿಮಗೆ ಇಷ್ಟ ಆಗ್ಬಹುದು ಅಂತ..."

"ನಮ್ಮವರ ಮಗು ಅಲ್ಲ ಬೀಗಿತ್ತಿ," ಡಲ್ಸಿ ಚಹಾ ಬಗ್ಗಿಸುತ್ತ ಮೆಲ್ಲಗೆ ಹೇಳಿದಳು. "ನಮ್ಮ ಮಕ್ಕಳನ್ನ ನೋಡದೇ ಬರೆದೋರ ಮಗು."

ಹಿಲ್ಡಾಳ ಮುಖ ಕೆಂಪಾಯಿತು. "ತಪ್ಪಾಯ್ತು, ಡಲ್ಸಿ."

"ಒಡೀತಲ್ಲ, ಬಿಡಿ. ಕೇಕ್ ತಗೊಳ್ಳಿ."

ಅಂಬ್ರೋಸನಿಗೆ ಹೋದ ಉಸಿರು ಬಂತು. ಡಲ್ಸಿ ಒಳಗಿಂದ ಹಳೆಯ ಫೋಟೋ ತಂದಳು. "ನಾದಿನಿ ನಿನ್ನೆ ಟಪಾಲಲ್ಲಿ ಕಳಿಸಿದ್ಳು. ನಮ್ಮ ಮಗು ಅಂದ್ರೆ ಇದು!"

ಒಂದೇ ಕಾಲ್ಚೀಲ, ಬಾಯಿವರೆಗೆ ಸಿಂಬಳ, ಬಗಲಲ್ಲಿ ಒದ್ದಾಡುವ ಕೋಳಿ.

ಮದುವೆ ಉಳಿದ ಖುಷಿಯಲ್ಲಿ ಅಂಬ್ರೋಸ್ ಬಿದ್ದು ಬಿದ್ದು ನಕ್ಕ. "ಅಯ್ಯೋ, ಯಾರೇ ಇದು ಸಿಂಬಳಬುರುಕ? ಕೋಳಿಯೇ ವಾಸಿ!"

"ಹಿಂದೆ ತಿರುಗಿಸಿ, ನಿಮ್ಮಮ್ಮನೇ ಬರೆದಿದ್ದಾರೆ," ಎಂದಳು ಡಲ್ಸಿ. "'ಅಂಬ್ರೋಸ್, ನಾಲ್ಕು ವರ್ಷ. ಇದ್ದುದರಲ್ಲಿ ಚೆನ್ನಾಗಿ ಬಂದ ಫೋಟೋ.'"