ಮೊಣಕೈಯಿಂದ ತಿರುಗುವ ನಲ್ಲಿ

ನಮ್ಮ ಅತ್ತೆ ಮಾಡುವ ದ್ರಾಕ್ಷಿ ವೈನಿನಷ್ಟು ಶುದ್ಧವಾದ ಪದಾರ್ಥ ಇಡೀ ಆದೋನಿಯಲ್ಲಿ ಇನ್ನೊಂದಿರಲಾರದು. ರುಚಿ ಹೇಗಿದೆ ಎಂದು ಮಾತ್ರ ಕೇಳಬೇಡಿ. ಅತ್ತೆ ಕುಡಿಯುವುದಿಲ್ಲ, ನಾನೂ ಕುಡಿಯುವುದಿಲ್ಲ. ವರ್ಷಕ್ಕೊಮ್ಮೆ ಹೊಸ ವೈನಿಗೆ ಸೀಸೆ ಬೇಕಾದಾಗ ಹಳೆಯದನ್ನೆಲ್ಲ ಬಚ್ಚಲಿಗೆ ಸುರಿಯುತ್ತಾರೆ. ನಮ್ಮ ಮನೆತನದಲ್ಲಿ ಕುಡಿತದ ಚಟವಿರುವುದು ಆ ಬಚ್ಚಲೊಂದಕ್ಕೇ! ಹಾಗಾದರೆ ಮಾಡುವುದು ಯಾಕೆ? ಜಾಡಿ ತೊಳೆಯುವುದಕ್ಕೆ ಒಂದು ಕಾರಣ ಬೇಕಲ್ಲ!

ಅತ್ತೆ ಎಂದರೆ ಅಪ್ಪನ ಅಕ್ಕ. ಮದುವೆಯಾಗಲಿಲ್ಲ. ಆಯುಷ್ಯದ ಬಹುಪಾಲನ್ನು ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ಕಳೆದು ನಿವೃತ್ತರಾದರು. ಅವರು ನಿವೃತ್ತರಾದರೇ ಹೊರತು ಥಿಯೇಟರು ಆಗಲಿಲ್ಲ. ಅದು ಅವರ ಬೆನ್ನಿಗೇ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತಿತು. ವೈನಿನ ವಿದ್ಯೆ ಮಾತ್ರ ಅವರದಲ್ಲ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಸಿಸ್ಟರಮ್ಮ, ಪಕ್ಕದ ಓಣಿಯವರು, ದ್ರಾಕ್ಷಿಯ ದಿನಗಳಲ್ಲಿ ವೈನು ಹಾಕಿ ಕ್ರಿಸ್‌ಮಸ್ಸಿಗೆ ತೆಗೆಯುತ್ತಿದ್ದರು. ಹಾಕುವುದು ಅವರ ಪಾಲು, ತೊಳೆಯುವುದು ಅತ್ತೆಯ ಪಾಲು. ಸಿಸ್ಟರಮ್ಮ ತೀರಿಕೊಂಡ ಮೇಲೆ ಎರಡೂ ಪಾಲು ಅತ್ತೆಗೇ ಬಂದವು.

ತೊಳೆಯುವುದೆಂದರೆ ನೀವು ಏನೆಂದುಕೊಂಡಿರಿ? ಮೊದಲು ಸೋಡಾ ಕಲಸಿದ ಬಿಸಿನೀರಿನಲ್ಲಿ ಉಜ್ಜುವುದು. ಆಮೇಲೆ ಸೋಡಾದ ವಾಸನೆ ಹೋಗುವತನಕ ಜಾಲಿಸುವುದು. ಹೋಗಿದೆಯೇ ಎಂದು ಅತ್ತೆ ಜಾಡಿಯೊಳಗೆ ಮುಖವಿಟ್ಟು ಮೂಸುತ್ತಾರೆ. ಆಗ ಅವರ ಕೆಮ್ಮು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ನಂತರ ಸೀಸೆ, ಸೌಟು, ರಬ್ಬರಿನ ಕೊಳವೆ, ಸೋಸುವ ಬಟ್ಟೆ ಎಲ್ಲವೂ ಹಂಡೆಯೊಳಗೆ ಕುದಿಯಬೇಕು. ಬಾಯಿಗೆ ಮಾಸ್ಕು, ತಲೆಗೆ ಟೋಪಿ. ಒಮ್ಮೆ ಮೊಸರು ಕೇಳಲು ಬಂದ ಪಕ್ಕದ ಮನೆಯಾಕೆ ಹಬೆಯ ನಡುವೆ ಈ ವೇಷ ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

“ನರ್ಸಮ್ಮಾರ, ಒಳಗ ಯಾರಿಗ್ರಿ ಆಪರೇಷನ್ನು?”

“ಜಾಡಿಗೆ,” ಎಂದರು ಅತ್ತೆ, ತಿರುಗಿಯೂ ನೋಡದೆ.

ಆಕೆ ಆಮೇಲೆ ಮೊಸರಿಗೆ ಬೇರೆ ಮನೆ ನೋಡಿಕೊಂಡಳು.

ನಾನು ಈ ಥಿಯೇಟರಿಗೆ ಸೇರಿದ್ದು ಅನಿವಾರ್ಯವಾಗಿ. ಪತ್ತಿಕೊಂಡದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಶಾಸ್ತ್ರ ಪಾಠ ಮಾಡುತ್ತೇನೆ. ಅಲ್ಲೇ ಬಾಡಿಗೆಯ ಕೋಣೆ. ಭಾನುವಾರ ಆ ಕೋಣೆಯಲ್ಲಿ ನಾನು ಬಾಯಿ ತೆರೆಯುವುದು ಹಲ್ಲುಜ್ಜುವಾಗ ಮತ್ತು ಉಣ್ಣುವಾಗ ಮಾತ್ರ. ಮಾತು ನನಗೆ ಮೊದಲಿಂದಲೂ ಕಡಿಮೆ, ಆದ್ದರಿಂದ ಅದು ಕಷ್ಟವೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೀಗಿರುವಾಗ ಅತ್ತೆಯ ಫೋನು ಬಂತು.

“ಏ ಹುಡುಗಿ, ಐತವಾರ ಏನ್ ಮಾಡ್ತಿ?”

“ಏನಿಲ್ರಿ ಅತ್ತಿ.”

“ಹಂಗಾರ ಬಾ. ನನಗ ಮುಟ್ಟೋರು ಬೇಕಾಗ್ಯಾರ.”

ಆಸ್ಪರಿಯ ಮೇಲೆ ಆದೋನಿಗೆ ಹೋಗುವ ಬಸ್ಸು ಹಿಡಿದು ಹೋದ ಮೇಲೆಯೇ ಇದರ ಅರ್ಥ ತಿಳಿದದ್ದು. ಥಿಯೇಟರಿನ ನಿಯಮವೊಂದಿದೆ. ಕೈ ತೊಳೆದವರು ಆಮೇಲೆ ಶುದ್ಧ ಮಾಡಿದ ವಸ್ತುಗಳನ್ನಲ್ಲದೆ ಮತ್ತೇನನ್ನೂ ಮುಟ್ಟುವಂತಿಲ್ಲ. ನಲ್ಲಿ, ಬಾಗಿಲು, ಡಬ್ಬಿಯ ಮುಚ್ಚಳ, ಇವನ್ನೆಲ್ಲ ಮುಟ್ಟುವುದಕ್ಕೆ ಕೈ ತೊಳೆಯದ ಇನ್ನೊಬ್ಬರು ಜೊತೆಗಿರಬೇಕು. ಅಂದರೆ ಒಬ್ಬರೇ ಇರುವ ಮನೆಯಲ್ಲಿ ಯಾರೂ ಪೂರ್ತಿ ಶುದ್ಧರಾಗುವುದು ಸಾಧ್ಯವೇ ಇಲ್ಲ! ಮೊದಲು ಆ ಇನ್ನೊಬ್ಬರು ಸಿಸ್ಟರಮ್ಮ. ಈಗ ನಾನು.

ಅತ್ತೆ ಮೊಣಕೈವರೆಗೆ ತೊಳೆದು, ಎರಡೂ ಕೈ ಎದೆಯೆತ್ತರಕ್ಕೆ ಎತ್ತಿ ಹಿಡಿದು ಅಡುಗೆಮನೆಯ ನಡುವೆ ನಿಲ್ಲುತ್ತಿದ್ದರು, ಯಾವುದೋ ಆರತಿಗೆ ಕಾದಿರುವವರಂತೆ. ನಾನು ನಲ್ಲಿ ತಿರುಗಿಸಬೇಕು, ನಿಲ್ಲಿಸಬೇಕು. ಹೇಳದೆ ಯಾವುದಕ್ಕಾದರೂ ಕೈ ಚಾಚಿದರೆ, ಆಂಧ್ರದ ಆಸ್ಪತ್ರೆಯಲ್ಲಿ ರೂಢಿಯಾಗಿದ್ದ ತೆಲುಗು ಸಿಡಿಯುತ್ತಿತ್ತು: “ಮುಟ್ಟುಕೋಕು!” ಬೆಚ್ಚಿ ಕೈ ಹಿಂದೆಗೆದರೆ, “ಹೆದರಬ್ಯಾಡವ್ವ, ಮುಟ್ಟಬ್ಯಾಡ ಅಂದೆ ಅಷ್ಟ.” ಮರುಕ್ಷಣವೇ ಮತ್ತೊಂದು ಆಜ್ಞೆ.

“ಮೂಗು.”

“ಏನ್ರಿ?”

“ಮೂಗು ಕೆರಿ. ನನ್ನ ಮೂಗು! ಎಡಕ್ಕ. ಇನ್ನೂ ಎಡಕ್ಕ. ಎಂಎಸ್ಸಿ ಓದೀದಿ, ಎಡಾ ಬಲಾ ಗೊತ್ತಿಲ್ಲೇನು?”

ಸೆರಗಿನ ತುದಿ ಹಿಡಿದು ಹಿರಿಯರ ಮೂಗನ್ನು ಕೆರೆಯುವುದು ಯಾವ ಪಠ್ಯದಲ್ಲೂ ಇರಲಿಲ್ಲ. ನಾನು ಸಾಮಾನ್ಯವಾಗಿ ಯಾರನ್ನೂ ಮುಟ್ಟಿ ಮಾತಾಡಿಸುವವಳಲ್ಲ.

ಸೇಡು ತೀರಿಸಿಕೊಳ್ಳಲು ನಾನೂ ಒಮ್ಮೆ ಕೇಳಿದೆ: “ಅತ್ತಿ, ಇಷ್ಟೆಲ್ಲಾ ಕುದಿಸಿ ಕ್ರಿಮಿ ಕೊಂದು, ಕಡೀಕ ಯೀಸ್ಟ್ ಹಾಕ್ತೀರಿ. ಯೀಸ್ಟೂ ಸೂಕ್ಷ್ಮಜೀವಿನ ಅಲ್ಲೇನ್ರಿ?”

“ಅದನ್ನ ನಾವು ಕರದೀವಿ. ಕರದಾಗ ಬಂದೋರಿಗೆ ಜಾಗ ಖಾಲಿ ಇರಬೇಕಲ್ಲ?”

ನನ್ನ ಸೂಕ್ಷ್ಮಜೀವಶಾಸ್ತ್ರ ಅಲ್ಲಿಗೆ ಮುಗಿಯಿತು.

ಕಳೆದ ವರ್ಷ ದ್ರಾಕ್ಷಿ ತಂದ ಭಾನುವಾರ ನನಗೆ ಪರೀಕ್ಷೆಯ ಕೆಲಸ ಬಂತು. ಹೋಗಲಾಗಲಿಲ್ಲ. ಮುಂದಿನ ವಾರ ಹೋದರೆ, ಜಾಡಿ ಬಿಳಿಬಟ್ಟೆಯ ಮೇಲೆ ಬೋರಲಾಗಿ ಹಾಗೇ ಕೂತಿದೆ. ದ್ರಾಕ್ಷಿ ಬುಟ್ಟಿಯಲ್ಲೇ ಕೊಳೆತಿದೆ. ಆದೋನಿಯ ಇರುವೆಗಳೆಲ್ಲ ಮೆರವಣಿಗೆ ಹೊರಟಂತಿದೆ.

“ನೀವ ಹಾಕಬೇಕಿತ್ತಲ್ರಿ ಅತ್ತಿ?”

“ನಳ ಯಾರು ತಿರುವಬೇಕಿತ್ತು? ನಿಮ್ಮಪ್ಪನಾ?”

“ಮೊದಲ ತಿರುವಿ ಬಿಡಬೇಕಿತ್ರಿ.”

“ನೀರು ಸುಮ್ಮನ ಹರೀಲಿ ಅಂತಿ? ನಳಕ್ಕ ನೀರು ದಿನಾ ಬರ್ತಾವೇನು ಈ ಊರಾಗ?”

ಮಾತಿನಲ್ಲಿ ಸೋತವಳು ಬುದ್ಧಿಯಲ್ಲಿ ಗೆಲ್ಲಲು ಹೊರಟೆ. ಈ ವರ್ಷ ದ್ರಾಕ್ಷಿ ಪೇಟೆಗೆ ಬರುವ ಮುಂಚೆಯೇ ಅಂಗಡಿ ಅಂಗಡಿ ಅಲೆದು, ಆಸ್ಪತ್ರೆಗಳಲ್ಲಿ ಇರುವಂಥ ಉದ್ದ ಹಿಡಿಯ ನಲ್ಲಿಯೊಂದನ್ನು ಕೊಂಡೆ. ಮೊಣಕೈಯಿಂದ ತಳ್ಳಿದರೆ ಸಾಕು, ನೀರು. ಮತ್ತೆ ತಳ್ಳಿದರೆ ಬಂದ್. ಮುಟ್ಟುವವರ ಗೊಡವೆಯೇ ಇಲ್ಲ! ದ್ರಾಕ್ಷಿ ಹಾಕುವ ಭಾನುವಾರ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಒಂದು ಸಮಸ್ಯೆಯನ್ನು ಶಾಶ್ವತವಾಗಿ ಬಿಡಿಸಿದ ಸಂಭ್ರಮದಲ್ಲಿ ಬಂದೆ.

ಅತ್ತೆ ನಲ್ಲಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೇಜಿನ ಅಂಚಿಗೆ ಹಿಡಿದು ಮೊಣಕೈಯಿಂದ ಅತ್ತಿತ್ತ ಆಡಿಸಿದರು. ಹಳೆಯ ಗೆಳತಿ ಸಿಕ್ಕಂತೆ ಮುಖ ಅರಳಿತು.

“ಥೇಟ್ ನಮ್ಮ ಥಿಯೇಟರಿಂದ ಇದ್ದಂಗ ಐತಿ.”

“ಇವತ್ತ ಪ್ಲಂಬರ್‌ಗೆ ಫೋನ್ ಮಾಡ್ಲೇನ್ರಿ?”

“ಇದನ್ನ ಹಾಕಿದ್ರ ನಾ ಒಬ್ಬಾಕಿನ ಎಲ್ಲಾ ಮಾಡಕೋಬಹುದು, ಅಲ್ಲಾ?”

“ಹೌದ್ರಿ ಅತ್ತಿ. ಅದಕ್ಕ ತಂದೀನಿ.”

“ಅದಕ್ಕ ಬ್ಯಾಡ.”

ಹಳೆಯ ಪತ್ರಿಕೆಯಲ್ಲಿ ಸುತ್ತಿ, ಸೀಸೆಗಳ ಕಪಾಟಿನ ಹಿಂದಕ್ಕೆ ತಳ್ಳಿ ಬಾಗಿಲು ಹಾಕಿದರು. ಬಳೆ ತೆಗೆದಿಟ್ಟರು. ಮಾಸ್ಕು ಕಟ್ಟಿಕೊಂಡು ತೊಟ್ಟಿಯ ಮುಂದೆ ನಿಂತು, “ನಳ,” ಎಂದರು. ನಾನು ತಿರುಗಿಸಿದೆ. ಅವರು ಬೆರಳ ಸಂದಿಯಿಂದ ಮೊಣಕೈವರೆಗೆ, ಯಾವ ಅವಸರವೂ ಇಲ್ಲದೆ ತೊಳೆದರು. “ಸಾಕು.” ನಿಲ್ಲಿಸಿದೆ. ಎರಡೂ ಕೈ ಎತ್ತಿ ಹಿಡಿದು ನನ್ನತ್ತ ತಿರುಗಿದರು. ಹಂಡೆಯ ಹಬೆ ಕೋಣೆಯನ್ನೆಲ್ಲ ತುಂಬಿತ್ತು.

ನಾನು ಅಭ್ಯಾಸದಂತೆ ಅವರ ಮೂಗಿನತ್ತ ಸೆರಗು ಒಯ್ದೆ.

“ಮೂಗಲ್ಲ,” ಎಂದರು. “ಸ್ವಲ್ಪ ಮ್ಯಾಲೆ.”

ಕೈ ತೊಳೆದವರು ಕಣ್ಣು ಒರೆಸಿಕೊಳ್ಳುವಂತಿಲ್ಲ. ಅದೂ ಆ ನಿಯಮದಲ್ಲೇ ಸೇರಿದೆ ಎಂಬುದು ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ. ನಾನು ಸೆರಗಿನ ತುದಿಯಿಂದ ಒರೆಸಿದೆ. ಅವರು ಇದು ಹಬೆ ಎಂದು ಸುಳ್ಳು ಹೇಳಲಿಲ್ಲ. ಕೈಗಳನ್ನು ಹಾಗೇ ಎದೆಯೆತ್ತರಕ್ಕೆ ಹಿಡಿದು, ಅಲುಗದೆ ನಿಂತಿದ್ದರು.

ಆಮೇಲೆ, ಆ ಥಿಯೇಟರಿನ ದನಿಯಲ್ಲೇ:

“ಇನ್ನೊಂದು ಕಣ್ಣು.”